ಅಕ್ಕನ ಮುಖದ ಬಿಲ್ಲೆ

ಬೆಳಿಗ್ಗೆ ಆರೂವರೆಗೆ ಕೊಟ್ರಮ್ಮ ಸತ್ತವಳ ಕೊರಳಿನ ಸರಕ್ಕೆ ಕತ್ತರಿ ಇಟ್ಟಳು. ಶರಣಪ್ಪ ಅವಳ ಮುಂಗೈ ಹಿಡಿದ.

ಸತ್ತವಳು ಶರಣಪ್ಪನ ತಾಯಿ ದಾಕ್ಷಾಯಣಮ್ಮ. ಅರವತ್ತೈದು ವರ್ಷ. ಎರಡೂ ಮೂತ್ರಪಿಂಡಗಳು ಕೈಕೊಟ್ಟು, ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನಸುಕಿಗೆ ಮೊದಲೇ ತೀರಿಕೊಂಡಿದ್ದಳು. ಶವ ಕುರುಗೋಡಿನ ಮನೆಗೆ ಬಂದಿತ್ತು. ಮೈ ತೊಳೆದು, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಮಣೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಎದೆಗೆ ಅಡ್ಡ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಬಿಗಿದಿದ್ದರು. ಕಾಯಿಲೆಯಿಂದ ಮುಖಕ್ಕೆ ಬಾವು ಬಂದಿತ್ತು. ತುಂಬಿದ ಗಲ್ಲ ಅವಳ ವಯಸ್ಸನ್ನು ಸ್ವಲ್ಪ ಕಡಿಮೆ ಮಾಡಿ ತೋರಿಸುತ್ತಿತ್ತು.

“ಸುನಂದಕ್ಕ ಬರೋತನಕ ತೆಗೀಬ್ಯಾಡ ಅತ್ತಿ,” ಎಂದ ಶರಣಪ್ಪ.

“ಆಕಿ ಬಂದ್ರ ನೆಟ್ಟಗ ಕೊರಳಿಗೇ ಕೈ ಹಾಕ್ತಾಳ. ಮಂದಿ ಮುಂದ ಅದು ಬೇಕೇನಪಾ ನಿನಗ?”

ಕೊಟ್ರಮ್ಮ ಸತ್ತವಳ ಗಂಡ ದೊಡ್ಡಬಸಪ್ಪನ ತಂಗಿ. ಮನೆಯ ಸಾವು ನೋವು ನಡೆಸುವವಳು ಅವಳೇ. ಸರದಲ್ಲಿ ತಾಳಿಯ ಕೆಳಗೆ ಎಂಟಾಣೆ ಅಗಲದ ಬಂಗಾರದ ಬಿಲ್ಲೆಯೊಂದು ತೂಗುತ್ತಿತ್ತು. ಬಿಲ್ಲೆಯ ಮೇಲೆ ಉಬ್ಬಿಸಿದ ಹೆಂಗಸಿನ ಮುಖ. ಅದು ಸವತಿ ಬಿಲ್ಲೆ. ಹೆಂಡತಿ ಸತ್ತ ಮೇಲೆ ಬಂದವಳು ಸತ್ತವಳ ಗುರುತನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು, ಹೊಸ ಸೀರೆಯನ್ನೂ ಹಬ್ಬದ ಎಡೆಯನ್ನೂ ಮೊದಲು ಅದಕ್ಕೆ ತೋರಿಸಬೇಕು, ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ ಎಂಬುದು ಆ ಮನೆತನದ ನಂಬಿಕೆ. ಕಟ್ಟಿಕೊಂಡವಳೂ ಸತ್ತರೆ ಬಿಲ್ಲೆ ಅವಳೊಂದಿಗೆ ಮಣ್ಣಿಗೆ ಹೋಗಬೇಕು, ಮನೆಗೆ ಮರಳಬಾರದು. ಅದನ್ನು ಯಾರಿಗೂ ಕಾಣದಂತೆ ಸೆರಗಿನ ತುದಿಗೆ ಗಂಟು ಹಾಕಿ ಕಳಿಸಿಬಿಡುವುದು ಕೊಟ್ರಮ್ಮನ ಯೋಚನೆಯಾಗಿತ್ತು.

ಶರಣಪ್ಪನಿಗೆ ಬೇರೆ ಕಷ್ಟವಿತ್ತು. ಅವನು ಎರಡು ಕಡೆ ಮಾತು ಕೊಟ್ಟಿದ್ದ.

ಆಸ್ಪತ್ರೆಯಲ್ಲಿ ಮಾತು ನಿಲ್ಲುವ ಮೊದಲು ತಾಯಿ ಅವನನ್ನು ಹತ್ತಿರ ಕರೆದು, “ಬಿಲ್ಲಿ ನನ್ನ ಜೋಡಿ ಬರಲಿ. ಸುನಂದಾನ ಕೈಗೆ ಕೊಡಬ್ಯಾಡ. ಕೊಟ್ರ ಆಕಿ ತಡಕೊಳ್ಳಂಗಿಲ್ಲ,” ಎಂದಿದ್ದಳು. ಅವನು ಹೂಂ ಅಂದಿದ್ದ. ಬೆಳಿಗ್ಗೆ ಸಿರುಗುಪ್ಪಕ್ಕೆ ಫೋನ್ ಮಾಡಿದಾಗ ಸುನಂದಾ ಸಾವಿನ ಸುದ್ದಿಯನ್ನು ಕೊನೆತನಕ ಕೇಳಿಸಿಕೊಂಡಳು. ಆಮೇಲೆ, “ನಮ್ಮವ್ವನ್ನ ನನಗ ಕೊಡ್ತೀರೇನು? ಕೊಡ್ತೀನಂದ್ರ ಬರ್ತೀನಿ,” ಎಂದಳು. ಅದಕ್ಕೂ ಅವನು ಹೂಂ ಅಂದಿದ್ದ.

ಸುನಂದಾ ದೊಡ್ಡಬಸಪ್ಪನ ಮೊದಲ ಹೆಂಡತಿಯ ಮಗಳು. ಬಿಲ್ಲೆಯಲ್ಲಿದ್ದ ಮುಖವೊಂದೇ ಅವಳಿಗೆ ತಾಯಿಯ ಬಗ್ಗೆ ಉಳಿದಿದ್ದ ಸಾಕ್ಷಿ.

* * *

ದಾಕ್ಷಾಯಣಿ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತು. ಮೊದಲ ಹೆಂಡತಿ, ಹಚ್ಚೊಳ್ಳಿಯ ಪಂಪಾವತಿ, ಎರಡನೆಯ ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡಿದ್ದಳು. ಉಳಿದದ್ದು ಮೂರು ವರ್ಷದ ಸುನಂದಾ. ಮದುವೆಯ ದಿನ ಅತ್ತೆ ಅಂಗಡಿಯ ಸಿದ್ಧ ಬಿಲ್ಲೆಯೊಂದನ್ನು ಸೊಸೆಯ ಕೊರಳಿಗೆ ಕಟ್ಟಿದಳು. ಅಚ್ಚಿನಲ್ಲಿ ಒತ್ತಿದ್ದು. ಚುಕ್ಕಿ ಕಣ್ಣು, ಗೀರು ಬಾಯಿ. ತಿಂಗಳೊಳಗೆ ಮಗುವಿಗೆ ಜ್ವರ ಬಂತು. ಜ್ವರ ಇಳಿದ ಮೇಲೂ ಅದು ಅನ್ನ ಮುಟ್ಟಲಿಲ್ಲ. ಯಾರದೋ ಮುಖ ಕಟ್ಟಿಕೊಂಡರೆ ಪಂಪಾವತಿ ಹೇಗೆ ಒಪ್ಪುತ್ತಾಳೆ, ಅವಳ ಮುಖವೇ ಆಗಬೇಕು ಎಂದಳು ಅತ್ತೆ. ಪಂಪಾವತಿಯ ಬೆಂಡೋಲೆಗಳನ್ನು ಕರಗಿಸಿ ಬೇರೆ ಬಿಲ್ಲೆ ಮಾಡಿಸುವುದೆಂದು ತೀರ್ಮಾನವಾಯಿತು.

ಬಳ್ಳಾರಿಯ ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿ ಅಕ್ಕಸಾಲಿಗ ಮೋನಪ್ಪ ಪತ್ತಾರನ ಕೆಲಸದ ಕೋಣೆ ಇತ್ತು. ಆದೋನಿ ಕಡೆಯವನು. ಹೆಂಗಸರನ್ನೆಲ್ಲ ತೆಲುಗಿನಲ್ಲಿ ‘ತಲ್ಲೀ’ ಎನ್ನುತ್ತಿದ್ದ. ದೇವರ ಬೆಳ್ಳಿ ಮುಖಗಳನ್ನು ಮಾಡುವುದರಲ್ಲಿ ಅವನಿಗೆ ಹೆಸರಿತ್ತು. ಅವನು ಫೋಟೋ ಕೇಳಿದ. ಪಂಪಾವತಿಯ ಫೋಟೋ ಇದ್ದದ್ದು ಒಂದೇ, ಮದುವೆಯದು. ಅದರಲ್ಲಿ ಅವಳು ತಲೆ ಬಗ್ಗಿಸಿದ್ದಳು. ಬಾಸಿಂಗ ಮುಖವನ್ನು ಮುಚ್ಚಿತ್ತು.

“ಹೆಂಗಿದ್ರು, ನೀವೇ ಹೇಳ್ರಿ,” ಎಂದ ಮೋನಪ್ಪ.

ದೊಡ್ಡಬಸಪ್ಪ ಯೋಚಿಸಿದ. “ಕೆಂಪಗಿದ್ಲು.”

“ಬಂಗಾರದಾಗ ಎಲ್ಲಾರೂ ಕೆಂಪಗ ಇರ್ತಾರ್ರಿ. ಮೂಗು ಹೆಂಗಿತ್ತು? ಗದ್ದ?”

“ಸುಮ್ನ ಇರ್ತಿದ್ಲು,” ಎಂದ ದೊಡ್ಡಬಸಪ್ಪ. ಅದಕ್ಕಿಂತ ಹೆಚ್ಚು ಅವನಿಗೆ ನೆನಪಾಗಲಿಲ್ಲ. ಕುರುಗೋಡಿನ ತನ್ನ ಬಟ್ಟೆ ಅಂಗಡಿಗೆ ಸರಕು ನೋಡುವುದಿದೆ ಎಂದು ಎದ್ದು ಹೋದ. ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗುವಿನೊಂದಿಗೆ ದಾಕ್ಷಾಯಣಿ ಅಲ್ಲೇ ಕುಳಿತಳು.

“ನೀನು ಹೇಳು ತಲ್ಲೀ. ಯಾರ ಮಾರಿ ಮಾಡಬೇಕು?”

“ಅಕ್ಕಂದು,” ಎಂದಳು ದಾಕ್ಷಾಯಣಿ.

ಸವತಿಯನ್ನು ಅಕ್ಕ ಎನ್ನದೆ ಅವಳು ಇನ್ನೇನನ್ನಬೇಕಿತ್ತು? ತನಗಿಂತ ಮೊದಲು ಆ ಮನೆಗೆ ಬಂದವಳು. ಹೆಸರು ಹಿಡಿದು ಕರೆಯುವಂತಿರಲಿಲ್ಲ. ಮೋನಪ್ಪನಿಗೆ ಕೇಳಿಸಿದ್ದು ಬೇರೆ. ಹೆಂಡತಿ ಸತ್ತರೆ ಅವಳ ತಂಗಿಯನ್ನೇ ತಂದುಕೊಳ್ಳುವ ಮನೆಗಳು ಆ ಕಡೆ ಬೇಕಾದಷ್ಟಿದ್ದವು. ಅವನು ಮಾಡಿಕೊಟ್ಟ ಸವತಿ ಬಿಲ್ಲೆಗಳಲ್ಲಿ ಹೆಚ್ಚಿನವು ಅಂಥ ಮನೆಗಳಿಗೇ ಹೋಗಿದ್ದವು. ಅವನು ಮತ್ತೇನೂ ಕೇಳಲಿಲ್ಲ. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಕೂರು ಎಂದ. ಅವಳು ಯಾಕೆಂದು ತಿಳಿಯದೆ ಕೂತಳು. ಅವನು ಒಂದಷ್ಟು ಹೊತ್ತು ಅವಳ ಮುಖ ನೋಡಿ, ಕಾಗದದ ಮೇಲೆ ಏನೋ ಗೀಚಿಕೊಂಡ.

ಮರುವಾರ ಮೂವರೂ ಮತ್ತೆ ಹೋದರು. ಮೋನಪ್ಪ ಬಿಲ್ಲೆಯನ್ನು ಅಂಗೈ ಮೇಲಿಟ್ಟು ಮುಂದೆ ಹಿಡಿದ.

“ಒಡಹುಟ್ಟಿದಾರ ಮಾರಿ ಎಲ್ಲಿ ಹೋಗತೈತಿ ತಲ್ಲೀ? ನಿನ್ನ ನೋಡಿ ನಿಮ್ಮ ಅಕ್ಕನ್ನ ಮಾಡೀನಿ. ಸ್ವಲ್ಪ ದೊಡ್ಡಾಕಿ ಕಾಣಂಗ ಗಲ್ಲ ತುಂಬೀನಿ, ನೋಡು.”

ದಾಕ್ಷಾಯಣಿ ನೋಡಿದಳು. ತನ್ನದೇ ಮೂಗು. ಗದ್ದದ ನಡುವೆ ತನ್ನದೇ ಕುಳಿ. ನಾವು ಒಡಹುಟ್ಟಿದವರಲ್ಲ, ನಾನು ಅವಳನ್ನು ಕಂಡೇ ಇಲ್ಲ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಬಸಪ್ಪ ಬಗ್ಗಿ ನೋಡಿ, “ಹೌದೌದು, ಹಿಂಗಾ ಇದ್ಲು,” ಎಂದ. ಮಗು ಬಿಲ್ಲೆಯನ್ನು ಕಸಿದುಕೊಂಡು ಕೆನ್ನೆಗೆ ಒತ್ತಿಕೊಂಡು “ಅವ್ವ” ಎಂದಿತು.

ಬಸ್ ನಿಲ್ದಾಣದಲ್ಲಿ ಮಗು ಒಂದು ಪೊಟ್ಟಣ ಮಂಡಾಳೊಗ್ಗರಣೆಯನ್ನು ಪೂರ್ತಿ ತಿಂದಿತು. ದಾಕ್ಷಾಯಣಿ ಅಂದು ಬಾಯಿ ಮುಚ್ಚಿದಳು. ಮತ್ತೆ ಆ ಬಗ್ಗೆ ಯಾರ ಮುಂದೆಯೂ ತೆರೆಯಲಿಲ್ಲ.

* * *

ಸುನಂದಾ ಬಂದಾಗ ಭಜನೆಯವರು ಚಹಾ ಕುಡಿಯುತ್ತಿದ್ದರು. ತೆಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಸಿರುಗುಪ್ಪದಲ್ಲಿ ಅಂಗನವಾಡಿ ನಡೆಸುವ ನಲವತ್ತೆಂಟರ ಹೆಂಗಸು. ಉದ್ದ ಮುಖ. ಮಾತಾಡುವಾಗ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ. ಅವಳು ಅಳಲಿಲ್ಲ, ಕೂರಲಿಲ್ಲ. ಹಾರಗಳ ನಡುವೆ ಸತ್ತವಳ ಕೊರಳನ್ನು ಹುಡುಕಿದಳು.

“ಬಂಗಾರ ಐತೇನಿಲ್ಲ ನೋಡಾಕ ಬಂದಾಳ,” ಎಂದು ಪಕ್ಕದ ಮನೆಯವಳು ಯಾರಿಗೋ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ನಮ್ಮವ್ವನ್ನ ಕೊಡ್ರಿ. ನಾ ಹೋಗ್ತೀನಿ,” ಎಂದಳು ಸುನಂದಾ.

“ಹೆಣ ಇನ್ನೂ ಎದ್ದಿಲ್ಲ,” ಎಂದಳು ಕೊಟ್ರಮ್ಮ. “ಮೊದಲು ಬಾಯಿಗೆ ನೀರು ಹಾಕ್ಕೊ.”

“ಈ ಮನಿ ನೀರು ನನಗ ಬ್ಯಾಡ ಅತ್ತಿ. ಶರಣಾ, ನೀ ಮಾತು ಕೊಟ್ಟೀದಿ.”

ಶರಣಪ್ಪ ಅವಳನ್ನು ಬಾಗಿಲ ಮರೆಗೆ ಕರೆದು, ತಾಯಿ ಕೊನೆಗೆ ಹೇಳಿದ್ದನ್ನು ಹೇಳಿದ. ಸುನಂದಾ ನಕ್ಕಳು, ನಗುವಾಗಲೂ ಸೆರಗು ಬಾಯಿಗೆ ಹೋಯಿತು.

“ನಾ ಸಾಯೋತನಕ ತಡಿ ಅಂದಿದ್ಲು. ತಡದೆ. ಈಗ ಸತ್ತ ಮ್ಯಾಲೂ ಬಿಡಂಗಿಲ್ಲ ಅಂದ್ಲೇನು?”

ತೀರ್ಮಾನ ಹಿರಿಯನಿಗೆ ಬಿಡುವುದು ಸರಿ ಎಂದು ಯಾರೋ ಅಂದರು. ದೊಡ್ಡಬಸಪ್ಪ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಕಿವಿ ಮಂದ. ಬಿಲ್ಲೆ ಯಾರಿಗೆ ಸೇರಬೇಕು ಎಂದು ಶರಣಪ್ಪ ಕೂಗಿ ಕೇಳಿದ.

“ಆಕಿನ್ನ ಕೇಳ್ರಿ,” ಎಂದು ಮುದುಕ ಪಡಸಾಲೆಯ ಕಡೆ ಕೈ ತೋರಿಸಿದ. “ಮನ್ಯಾಗಿನ ಬಂಗಾರದ್ದೆಲ್ಲ ಆಕೀಗೇ ಗೊತ್ತು.”

ಭಜನೆಯವರಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ.

* * *

ಸುನಂದಾಳ ಬಾಲ್ಯವೆಲ್ಲ ಆ ಬಿಲ್ಲೆಯೊಂದಿಗೆ ಕಳೆದಿತ್ತು. ಬಿದ್ದು ಮೊಳಕಾಲು ಒಡೆದುಕೊಂಡರೆ ಓಡಿ ಬಂದು, “ಚಿಗವ್ವಾ, ಬಗ್ಗು,” ಎನ್ನುತ್ತಿದ್ದಳು. ದಾಕ್ಷಾಯಣಮ್ಮ ಬಗ್ಗುತ್ತಿದ್ದಳು. ಮಗು ಬಿಲ್ಲೆಯನ್ನು ಹಿಡಿದು ಅದರೆದುರು ಅಳುತ್ತಿತ್ತು. ಸಾಲೆಯಲ್ಲಿ ಯಾರು ಹೊಡೆದರು, ಯಾರು ಪದ್ಯ ತಪ್ಪು ಹೇಳಿದರು ಎಲ್ಲವನ್ನೂ ಅದಕ್ಕೆ ವರದಿ ಮಾಡುತ್ತಿತ್ತು. ಮಲಗುವ ಮೊದಲು ಅದಕ್ಕೊಂದು ಮುತ್ತು. ಬಗ್ಗಿದ ಹೆಂಗಸಿನ ಕೆನ್ನೆ ಅಲ್ಲೇ, ಗೇಣು ದೂರದಲ್ಲಿರುತ್ತಿತ್ತು. ಮಗು ಅದನ್ನು ಒಂದು ಸಲವೂ ಮುಟ್ಟಲಿಲ್ಲ. ಶರಣಪ್ಪ ಹುಟ್ಟಿದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಕೂಸಿಗೆ ಹಾಲೂಡಿಸುತ್ತಿದ್ದರೂ ದಾಕ್ಷಾಯಣಮ್ಮ ಸುನಂದಾಳ ಕಡೆ ಕೊರಳು ಚಾಚುತ್ತಿದ್ದಳು.

ಹಚ್ಚೊಳ್ಳಿಯಿಂದ ಪಂಪಾವತಿಯ ತವರಿನವರು ಬಂದ ದಿನ ಮಾತ್ರ ಬಿಲ್ಲೆ ಕುಪ್ಪಸದೊಳಗೆ ಇಳಿಯುತ್ತಿತ್ತು. ಅವರು ಪಂಪಾವತಿಯ ಮುಖ ಕಂಡವರು. ಒಂದು ಸಲ ನೋಡಿದರೆ ಸಾಕಿತ್ತು.

ಸಿರುಗುಪ್ಪಕ್ಕೆ ಮದುವೆಯಾಗಿ ಹೊರಟಾಗ ಸುನಂದಾ ಕೇಳಿದ್ದು ಅದೊಂದನ್ನೇ. ಸಿರುಗುಪ್ಪದಿಂದ ಹಚ್ಚೊಳ್ಳಿಗೆ ಬಸ್ಸುಗಳು ಓಡಾಡುತ್ತಿದ್ದವು. ಬಿಲ್ಲೆ ಕೈಗೆ ಬಂದಿದ್ದರೆ ಸೋದರಮಾವನ ಮನೆಗೆ ಅವಳು ಅದನ್ನು ಕಟ್ಟಿಕೊಂಡೇ ಹೋಗುತ್ತಿದ್ದಳು. ದಾಕ್ಷಾಯಣಮ್ಮ, “ನಾ ಸಾಯೋತನಕ ತಡಿ,” ಎಂದಳು. ಕಾರಣ ಹೇಳಲಿಲ್ಲ. ಬಂಗಾರದ ಆಸೆ ಎಂದು ಸುನಂದಾ ತಿಳಿದಳು. ಆಮೇಲೆ ಮದುವೆ ಮುಂಜಿಗೆ ಬಂದರೂ ಹೊರಗಿನವರಂತೆ ಬಂದು ಹೋದಳು. ಆಸ್ಪತ್ರೆಗೆ ಬರಲೇ ಇಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಶರಣಪ್ಪ ತಾನೇ ಕತ್ತರಿ ತೆಗೆದುಕೊಂಡ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ. ಹಾರ ಸರಿಸಿ ಸರವನ್ನು ಕತ್ತರಿಸಿದ. ತಾಳಿಯನ್ನು ಕೊಟ್ರಮ್ಮನಿಗೂ ಬಿಲ್ಲೆಯನ್ನು ಸುನಂದಾಳಿಗೂ ಕೊಟ್ಟ.

“ಹೋದಾಕಿ ಏನೂ ಕೇಳಂಗಿಲ್ಲ. ಇದ್ದಾಕಿ ಜೋಡಿ ನಾ ಇನ್ನೂ ನಡಕೊಂಡು ಹೋಗಬೇಕು,” ಎಂದ.

“ಹೊಸಲು ದಾಟಿಸಿ ಒಳಗ ತರಬ್ಯಾಡ. ಅಷ್ಟಾ ನಾ ಹೇಳೂದು,” ಎಂದಳು ಕೊಟ್ರಮ್ಮ.

ಸುನಂದಾ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಂಗಳಕ್ಕೆ ಬಂದಳು. ಹಚ್ಚೊಳ್ಳಿಯವರ ಜೀಪು ಆಗಷ್ಟೇ ಬಂದಿತ್ತು. ಪಂಪಾವತಿಯ ತಮ್ಮ ಅಮರೇಶ್ ಇಳಿದ. ಅಕ್ಕ ಸತ್ತಾಗ ಅವನಿಗೆ ಹದಿನೇಳು. ಈಗ ಅರವತ್ತು ದಾಟಿದೆ. ಸುನಂದಾ ಅವನ ಮುಂದೆ ಅಂಗೈ ಬಿಚ್ಚಿದಳು. ಅಂದು ಮೊದಲ ಸಲ ಅವಳ ಕಣ್ಣು ತುಂಬಿತು.

“ಮಾವ, ಅವ್ವ.”

ಅಮರೇಶ್ ಕನ್ನಡಕ ಹಾಕಿಕೊಂಡು ಬಿಲ್ಲೆಯನ್ನು ಬಿಸಿಲಿಗೆ ಹಿಡಿದ. ತಿರುಗಿಸಿ ಹಿಂದೆ ನೋಡಿದ. ಮತ್ತೆ ಮುಂದೆ ನೋಡಿದ.

“ಇದು ಪಂಪಕ್ಕ ಅಲ್ಲವ್ವ.”

“ನೀ ಸಣ್ಣಾವ ಇದ್ದಿ. ಮರತೀದಿ.”

“ಅಕ್ಕನ್ನ ಮರೀತೀನೇನು? ಪಂಪಕ್ಕಂದು ಉದ್ದನ ಮಾರಿ. ಮುಂದಿನ ಹಲ್ಲು ಒಂಚೂರು ಎದ್ದಿದ್ವು. ಭಾಳ ಮಾತಿನಾಕಿ. ನಗಾಕ ಹತ್ತಿದ್ರ ಹಿಂಗ ಸೆರಗು ಅಡ್ಡ ಹಿಡೀತಿದ್ಲು.” ಅವನು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ತೋರಿಸಿದ.

ಸುನಂದಾ ಬಾಯಿಯ ಮೇಲಿದ್ದ ಸೆರಗನ್ನು ಇಳಿಸಿದಳು.

ಅವಳು ಬಿಲ್ಲೆಯನ್ನು ಅವನ ಕೈಯಿಂದ ಕಿತ್ತುಕೊಂಡು ತಂದೆಯ ಕುರ್ಚಿಯ ಬಳಿಗೆ ಹೋದಳು. ಅವನ ಕಣ್ಣ ಮುಂದೆ ಹಿಡಿದು ಕೂಗಿ ಕೇಳಿದಳು.

“ಅಪ್ಪಾ, ಇದು ಯಾರು?”

ದೊಡ್ಡಬಸಪ್ಪ ತಡಮಾಡಲಿಲ್ಲ.

“ದಾಕ್ಷಾಯಣಿ,” ಎಂದ. “ಚಲೋ ಮಾಡ್ಯಾನ ಪತ್ತಾರ.”

ಒಳಗೆ ಭಜನೆ ಮತ್ತೆ ಶುರುವಾಗಿತ್ತು. ಸುನಂದಾ ಪಡಸಾಲೆಗೆ ಹೋದಳು. ಹೊಸಿಲು ದಾಟುವಾಗ ಬಿಲ್ಲೆ ಕೈಯಲ್ಲೇ ಇತ್ತು. ಕೊಟ್ರಮ್ಮ ತಡೆಯಲು ಎದ್ದವಳು ಅವಳ ಮುಖ ನೋಡಿ ಕೂತಳು. ಸುನಂದಾ ಸತ್ತವಳ ಮುಂದೆ ಮಂಡಿಯೂರಿ, ಬಿಲ್ಲೆಯನ್ನು ಆ ಮುಖದ ಪಕ್ಕಕ್ಕೆ ಹಿಡಿದಳು. ಅದೇ ಮೂಗು. ಗದ್ದದಲ್ಲಿ ಅದೇ ಕುಳಿ. ಇಪ್ಪತ್ತರ ಹುಡುಗಿ ದೊಡ್ಡವಳಂತೆ ಕಾಣಲೆಂದು ಪತ್ತಾರ ಬಿಲ್ಲೆಯಲ್ಲಿ ಗಲ್ಲ ತುಂಬಿದ್ದ, ಈಗ ಸತ್ತವಳ ಗಲ್ಲವೂ ಬಾವಿನಿಂದ ತುಂಬಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ.

ಅಮರೇಶ್ ಬಂದು ಹಿಂದೆ ನಿಂತ. ಅವಳು ತಿರುಗದೆ ಕೇಳಿದಳು.

“ಹಂಗಾದ್ರ ಇಷ್ಟು ವರ್ಷ ನಾ ಯಾರ ಮುಂದ ಅತ್ತೀನಿ ಮಾವ?”

ತಾಯಿ ಆಸ್ಪತ್ರೆಯಲ್ಲಿ ಹೇಳಿದ ಮಾತಿನ ಅರ್ಥ ಶರಣಪ್ಪನಿಗೆ ಆಗ ಆಯಿತು. ಅಕ್ಕನ ಭುಜ ಮುಟ್ಟಲು ಕೈ ಚಾಚಿದ. ಅವಳು ಭುಜ ಕೊಡವಿದಳು.

“ಮೋಸ ಮಾಡ್ಯಾಳ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಹೇಳಿದಳು. ಎರಡನೆಯ ಸಲ ದನಿ ಅಷ್ಟು ಗಟ್ಟಿಯಾಗಿರಲಿಲ್ಲ.

* * *

ಮಧ್ಯಾಹ್ನ ಅಯ್ಯನವರು ಬಂದು ಪೂಜೆ ಮುಗಿಸಿದರು. ದಾಕ್ಷಾಯಣಮ್ಮನ ಕೊರಳಿನ ಲಿಂಗವನ್ನು ಬಿಚ್ಚಿ, ಅವಳ ಎಡಗೈಯಲ್ಲಿಟ್ಟು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಚ್ಚದಂತೆ ಬಟ್ಟೆ ಸುತ್ತಿದರು. ಕೂರಿಸಿದಂತೆಯೇ ವಿಮಾನ ಕಟ್ಟಿದ ಚಟ್ಟದಲ್ಲಿಟ್ಟು ಎತ್ತಿದರು. ಬಾಜಾರದಲ್ಲಿ ಮನೆಯವರ ಬಟ್ಟೆ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಿದರು. ಸುನಂದಾ ಹೆಂಗಸರ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ನಡೆದಳು. ಅವಳ ಎಡ ಮುಷ್ಟಿ ಮುಚ್ಚಿತ್ತು.

ಗುಂಡಿಯ ಬಳಿ ಕೊಟ್ರಮ್ಮ ಅವಳ ಪಕ್ಕಕ್ಕೆ ಬಂದಳು.

“ಒಳಗ ಹಾಕಿಬಿಡು ಯವ್ವಾ. ನಿಮ್ಮವ್ವ ಅಲ್ಲ ಅಂದ ಮ್ಯಾಲ ನಿನಗ್ಯಾಕ ಅದು?”

“ಬಂಗಾರ ನಮ್ಮವ್ವಂದು,” ಎಂದಳು ಸುನಂದಾ.

“ಮಾರಿ?”

ಸುನಂದಾ ಗುಂಡಿಯೊಳಗೆ ನೋಡುತ್ತಿದ್ದಳು. ಕೆಳಗೆ ದಾಕ್ಷಾಯಣಮ್ಮನ ಸುತ್ತ ಪತ್ರಿ, ವಿಭೂತಿ ತುಂಬುತ್ತಿದ್ದರು. ಎದೆ ಮುಚ್ಚಿತು. ಕೊರಳು ಮುಚ್ಚಿತು. ಕೊನೆಗೆ ಮುಖ ಮಾತ್ರ ಉಳಿಯಿತು. ಮನೆಯವರು ಮಣ್ಣು ಹಾಕಬೇಕೆಂದು ಅಯ್ಯನವರು ಕರೆದರು. ಮೊದಲು ಗಂಡ, ಆಮೇಲೆ ಮಗ. ಸುನಂದಾ ಬಲಗೈಯಿಂದ ಮಣ್ಣು ತೆಗೆದುಕೊಂಡಳು. ಎಸೆಯಲಿಲ್ಲ, ಅಂಚಿನಲ್ಲಿ ಕೂತು, ಆದಷ್ಟು ಕೆಳಕ್ಕೆ ಬಗ್ಗಿ, ಕೈ ಚಾಚಿ ಬಿಟ್ಟಳು. ಅವಳು ಬಗ್ಗಿದ್ದನ್ನು ನೋಡಿ ಬೀಳುತ್ತಾಳೇನೋ ಎಂದು ಅಮರೇಶ್ ಅವಳ ಸೆರಗು ಹಿಡಿದುಕೊಂಡ.

ಮನೆಗೆ ಮರಳಿದವರಿಗೆ ಬಾಗಿಲ ಬಳಿ ಕೊಟ್ರಮ್ಮ ಕೊಡದಿಂದ ಕೈಗೊಂದು ತಂಬಿಗೆಯಂತೆ ನೀರು ಹಾಕುತ್ತಿದ್ದಳು. ಕೈಕಾಲು ತೊಳೆದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಸುನಂದಾ ಕೊನೆಗೆ ಬಂದಳು. ಬಲಗೈ ಒಂದನ್ನೇ ಮುಂದೆ ಹಿಡಿದಳು.

“ಎರಡೂ ಕೈ ಹಿಡಿಬೇಕವ್ವ,” ಎಂದಳು ಕೊಟ್ರಮ್ಮ.

ಸುನಂದಾ ಎಡಗೈ ಬಿಚ್ಚಲಿಲ್ಲ. ಕೊಟ್ರಮ್ಮ ಆ ಮುಷ್ಟಿಯನ್ನು ನೋಡಿ, ಎರಡನೆಯ ತಂಬಿಗೆಯನ್ನೂ ಅದೇ ಕೈಗೆ ಹಾಕಿದಳು.